ಹೊಟ್ಟೆಯೊಳಗಿನ ಮೊಟ್ಟೆ

ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಕೊಟ್ಟ ಕೋಳಿಮರಿಗಳು ನಮ್ಮ ಹಿತ್ತಲಿನಲ್ಲೇ ಬೆಳೆದು ಮುದಿಯಾಗಿದ್ದವು. ಮೊಟ್ಟೆ ಇಡುವ ವಿಷಯದಲ್ಲಿ ಮುಪ್ಪು, ಕಾಳು ತಿನ್ನುವ ವಿಷಯದಲ್ಲಿ ಹರೆಯ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಚಳಿಗಾಲ ಬರುವ ಮೊದಲು ಒಂದನ್ನಾದರೂ ಕುಯ್ದು ತಿನ್ನಿ ಎಂದು ಆಕೆ ಹೇಳುತ್ತಲೇ ಇದ್ದಳು. ನಾನು ಮಹಾಲಯ ಅಮಾವಾಸ್ಯೆಗೆ ಕಾಯುತ್ತಿದ್ದೆ.

ಅವ್ವ ಹೋಗಿದ್ದು ಆ ವರ್ಷದ ಯುಗಾದಿ ಕಳೆದ ಮೇಲೆ. ನಾನು ಮಂಡ್ಯ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ತಿಥಿಯ ಊಟ ಬಡಿಸಿದೆ, ಪಾತ್ರೆ ತೊಳೆದೆ, ವಾಪಸ್ ಬಂದು ಕೆಲಸಕ್ಕೆ ಹೋದೆ. ಅಳು ಬರಲಿಲ್ಲ. ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ಬಿಡುವಿನಲ್ಲಿ, ಎಲ್ಲರೂ ಕಾಫಿ ಕುಡಿಯುತ್ತ ರಜೆ ಹೇಗಿತ್ತೆಂದು ಕೇಳಿದರು, ಚೆನ್ನಾಗಿತ್ತು ಎಂದೆ. ಸುಳ್ಳು ಹೇಳಿದೆ ಎಂದೂ ಅನ್ನಿಸಲಿಲ್ಲ. ಒಳಗೆಲ್ಲ ಮರಗಟ್ಟಿತ್ತು.

ತಿಥಿಯಲ್ಲಿ ಚಿಕ್ಕವ್ವ ಆಡಿದ ಒಂದು ಮಾತು ಮಾತ್ರ ಅಂಟಿಕೊಂಡಿತ್ತು. ಮೊಟ್ಟೆ ಇಡುವ ಕೋಳಿಯನ್ನು ಕುಯ್ದರೆ ಹೊಟ್ಟೆಯೊಳಗೆ ಇನ್ನೂ ಚಿಪ್ಪು ಕಟ್ಟದ ಹಳದಿ ಮೊಟ್ಟೆಗಳ ಗೊಂಚಲು ಸಿಗುತ್ತದೆ. ಸಾರಿನಲ್ಲಿ ಬೆಂದ ಆ ಮೊಟ್ಟೆಗೆ ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಜಗಳವೇ ನಡೆಯುತ್ತಿತ್ತು. ಅವ್ವ ಅದನ್ನು ಪ್ರತಿ ಸಲ ನನ್ನ ತಟ್ಟೆಗೆ ಹಾಕಿ, “ನಂಗದು ಸೇರಕಿಲ್ಲ, ನೀ ತಿನ್ನು” ಅನ್ನುತ್ತಿದ್ದಳು. ನಾನು ನಂಬಿದ್ದೆ, ತಿಥಿಯ ದಿನ ಚಿಕ್ಕವ್ವನಿಗೂ ಹಾಗೇ ಹೇಳಿದೆ.

“ಸೇರಕಿಲ್ವಾ? ಪ್ರಾಣ ಬುಡೋಳು ಕಣವ್ವ ಅದಕ್ಕೆ,” ಎಂದಳು ಚಿಕ್ಕವ್ವ. “ಚಿಕ್ಕೋಳಾಗಿದ್ದಾಗ ನನ್ ತಟ್ಟೇಲಿರೋದೂ ಕಿತ್ಕೊಂಡು ತಿನ್ನೋಳು.”

ಹೆಣ್ಣುಮಕ್ಕಳಿಗೆ ಮಕ್ಕಳಾದ ಮೇಲೆ ಎಷ್ಟೋ ರುಚಿಗಳು ಸೇರದೆ ಹೋಗುತ್ತವೆ.

ಹಿರಿಯರ ಹಬ್ಬಕ್ಕೆ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೇವೆ. ಊರಿನಲ್ಲಿ ತಮ್ಮ ಇಡುತ್ತಾನೆ, ಮಗಳು ಇಡಲೇಬೇಕೆಂದಿಲ್ಲ. ಆದರೆ ಒಂದು ಸಲವಾದರೂ ಆ ಮೊಟ್ಟೆ ಅವ್ವನಿಗೆ ಮುಟ್ಟಬೇಕು ಎಂಬ ಹಟ ನನಗೆ ಹಿಡಿದಿತ್ತು. ಆ ವರ್ಷ ನನಗೆ ಬೇಕು ಅನ್ನಿಸಿದ್ದು ಅದೊಂದೇ. ಅಂಗಡಿಯ ಕೋಳಿಯ ಹೊಟ್ಟೆ ಬರೀ ಖಾಲಿ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಇನ್ನೂ ಇಡುತ್ತಿದ್ದ ಕೆಂಪು ಕೋಳಿಯನ್ನು ಆರಿಸಿದೆ.

ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. “ಪೂರ್ತಿ ನಿಲ್ಲಿಸಿರುವವು ಇರುವಾಗ ಇಡುತ್ತಿರುವುದನ್ನೇ ಯಾಕೆ?” ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಎಡೆ ಅನ್ನುವುದಕ್ಕೆ ನನ್ನ ಸ್ವೀಡಿಷ್‌ನಲ್ಲಿ ಪದವಿರಲಿಲ್ಲ. ಅಮ್ಮನಿಗೆ ಎಂದೆ.

“ಓ, ಅಮ್ಮ ಬರ್ತಿದ್ದಾರಾ?”

“ಹೌದು, ಶನಿವಾರ,” ಎಂದೆ. ವಿವರಿಸುವ ಶಕ್ತಿ ಇರಲಿಲ್ಲ. ಅಮಾವಾಸ್ಯೆ ಅಂದೇ, ಹಿರಿಯರು ಮನೆಗೆ ಬರುವ ದಿನ. ಪರಂಪರೆಯ ಪ್ರಕಾರ ಅದು ಸುಳ್ಳೂ ಅಲ್ಲ.

ಕೋಳಿಯನ್ನು ಅವಳೇ ಕಡಿದುಕೊಟ್ಟಳು. ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತು, ಹೊಟ್ಟೆ ಸೀಳಿದೆ. ಗೊಂಚಲು ಇತ್ತು. ಗೋಲಿಯಷ್ಟು ದೊಡ್ಡವು, ಸಾಸಿವೆಯಷ್ಟು ಸಣ್ಣವು. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ, ತೊಳೆದು ಬಟ್ಟಲಿಗೆ ಹಾಕಿದೆ.

ಮುದಿ ಕೋಳಿ ಅವಸರಕ್ಕೆ ಜಗ್ಗುವುದಿಲ್ಲ. ಹುರಿದ ಈರುಳ್ಳಿ, ಕೊತ್ತಂಬರಿ ಬೀಜ, ಕಾಯಿ ರುಬ್ಬಿ ಹಾಕಿ, ಶನಿವಾರ ಸಣ್ಣ ಉರಿಯಲ್ಲಿ ಮಧ್ಯಾಹ್ನದವರೆಗೆ ಬೇಯಿಸಿ, ಕೊನೆಗೆ ಮೊಟ್ಟೆಗಳನ್ನು ಬಿಟ್ಟೆ. ಎಡೆಯ ಅಡುಗೆ, ಉಪ್ಪು ನೋಡುವ ಹಾಗಿಲ್ಲ. ವಾಸನೆಗೆ ಅಡುಗೆಮನೆಗೆ ಬಂದ ನನ್ನ ಪುಟ್ಟ ಮಗಳು ಹಳದಿ ಗೋಲಿಗಳನ್ನು ಕಂಡು, ಒಂದು ಕೊಡು ಎಂದು ಸ್ವೀಡಿಷ್‌ನಲ್ಲಿ ಗೋಗರೆದಳು.

“ಇದು ಅಜ್ಜಿಗೆ,” ಎಂದೆ. ಅವಳ ಮುಖ ಸಣ್ಣದಾಯಿತು. ಅವ್ವನಾಗಿದ್ದರೆ ಕೊಟ್ಟುಬಿಡುತ್ತಿದ್ದಳು.

ಫೋಟೊದ ಮುಂದೆ ಮುದ್ದೆ, ಸಾರು, ಮೊಟ್ಟೆ ಎಲ್ಲ ಇಟ್ಟು, ಬಾಗಿಲು ಮುಂದೆ ಮಾಡಿ, ಹೊರಗೆ ನಿಂತೆವು. ಆಮೇಲೆ ಮೊಟ್ಟೆಗಳಷ್ಟನ್ನೂ ಕಾಗೆಯ ಪಾಲಿಗೆ ತೆಗೆದೆ. ಕಾಗೆ ಮುಟ್ಟಿದರೆ ಸತ್ತವರಿಗೆ ಮುಟ್ಟಿದಂತೆ. ಊರಿನಲ್ಲಾದರೆ ಮನೆಯ ಮಾಡಿನ ಮೇಲೆ ಇಡಬಹುದು, ಇಲ್ಲಿಯ ಮಾಡು ಜಾರುಬಂಡೆಯಂತೆ. ಹಿತ್ತಲಿನ ಕಲ್ಲಿನ ಮೇಲೆ ತಟ್ಟೆ ಇಟ್ಟೆ. ಬರ್ಚ್ ಮರದಲ್ಲಿ ಒಂದು ಕಾಗೆ ಕೂತಿತ್ತು. ಬಾ, ಬಾ ಎಂದು ಕೂಗಿದೆ.

ಕೋಳಿಗಳಿಗೆ ಗೂಡಿನ ಬಾಗಿಲು ಹಾಕಿರಲಿಲ್ಲ. ನನ್ನ ದನಿ, ನನ್ನ ತಟ್ಟೆ, ಎರಡೂ ಅವುಗಳಿಗೆ ಚೆನ್ನಾಗಿ ಗೊತ್ತು. ಬಿದ್ದಂಬೀಳ ಓಡಿಬಂದು, ಜೊತೆಯವಳ ಹೊಟ್ಟೆಯ ಮೊಟ್ಟೆಗಳನ್ನು ಒಂದೂ ಬಿಡದೆ ನುಂಗಿದವು. ಕಾಗೆ ಮರದಿಂದ ಇಳಿಯಲೇ ಇಲ್ಲ. ನಾನು ಅವುಗಳನ್ನು ಅಟ್ಟಲೂ ಇಲ್ಲ.

“ಅಜ್ಜಿದು ಹೋಯ್ತು,” ಎಂದಳು ಮಗಳು, ಅಪರೂಪಕ್ಕೆ ಕನ್ನಡದಲ್ಲಿ.

ಅಷ್ಟರಲ್ಲಿ ನರ್ಸಮ್ಮ ಒಳ್ಳೆಯ ಸ್ವೆಟರ್ ತೊಟ್ಟು, ಸೇಬಿನ ಕೇಕ್ ಹಿಡಿದು ಬೇಲಿಯ ಬಳಿ ಬಂದಳು. “ಅಮ್ಮ ಬಂದ್ರಾ?” ಎಂದು ಕೇಳಿದಳು.

“ಇಲ್ಲ,” ಎಂದೆ. ಯಾವ ಭಾಷೆಯಲ್ಲಿ ಹೇಳುತ್ತಿದ್ದೇನೆಂಬ ಗ್ಯಾನವಿರಲಿಲ್ಲ. “ಇಲ್ಲ. ಅವ್ವ ಇಲ್ಲ.”

ಆ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಕೇಕಿಗೆ ಚಾಚಿದ ಕೈ ಅಲ್ಲೇ ನಿಂತಿತು. ಆಕೆ ಕೇಕನ್ನು ಬೇಲಿಯ ಕಂಬದ ಮೇಲಿಟ್ಟು ನನ್ನ ಕೈ ಹಿಡಿದುಕೊಂಡಳು.