ಹೊಲದ ಗೇಟಿನ ಕೆಸರು ಹಾಗೂ ನಮ್ಮ ಮುದಿ ಕುದುರೆಯ ಕಾಲುಗಳ ಬಗ್ಗೆ

ಈ ಬರಹದ ಮೂಲಕ ತಿಳಿಸಬಯಸುವುದೇನೆಂದರೆ, ಕಳೆದ ಚಳಿಗಾಲದಲ್ಲಿ ಒಂದು ಗೇಟಿನ ಮುಂದಿನ ಕೆಸರು ನಮ್ಮ ಮನೆಯ ನೆಮ್ಮದಿಯನ್ನು ಸಂಪೂರ್ಣವಾಗಿ ಕಸಿದುಕೊಂಡಿತ್ತು. ನಾನು ಈ ಮೊದಲು ಕಚೇರಿಯ ಪತ್ರಗಳ ಹೊರತು ಏನನ್ನೂ ಬರೆದವಳಲ್ಲ. ಈ ವಿಷಯದಲ್ಲಿ ನನಗಿರುವ ಅರ್ಹತೆ, ಆ ಕೆಸರಿನಲ್ಲಿ ನಾನೂ ನಿಂತಿದ್ದೆ ಎಂಬುದಷ್ಟೇ.

ಸದರಿ ಹೊಲವು ನೆದರ್ಲೆಂಡ್ಸಿನ ಕಾಪೆಲ್ಲೆ ಆನ್ ಡೆನ್ ಐಸೆಲ್ ಊರಿನ ಹೊರಗೆ, ನದಿಯ ಏರಿಯ ಕೆಳಗಿದೆ. ಮೂರು ಕಡೆ ಕಾಲುವೆ, ನಾಲ್ಕನೆಯ ಕಡೆ ರಸ್ತೆ ಮತ್ತು ಗೇಟು. ನಡುವಿನ ದಿಬ್ಬದ ಮೇಲೆ ಮಳೆಗೆ ಮರೆಯಾಗಲು ಒಂದು ಚಪ್ಪರ. ಸವಾರಿ ಶಾಲೆಯಿಂದ ನಿವೃತ್ತಿಯಾದ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ನಾವು ಅಲ್ಲಿ ಸಾಕುತ್ತಿದ್ದೆವು. ನಮ್ಮ ಮಗಳು ಸವಾರಿ ಕಲಿತದ್ದು ಅದರ ಬೆನ್ನಿನ ಮೇಲೆಯೇ.

ಮಳೆ ಹಿಡಿದ ಮೇಲೆ ಗೇಟಿನ ಜಾಗ ಅಂಬಲಿಯಂತಾಯಿತು. ಕುದುರೆ ಹಗಲಿಡೀ ಅಲ್ಲಿಯೇ ನಿಲ್ಲುತ್ತಿದ್ದುದರಿಂದ ಗೊರಸಿನ ಮೇಲಿನ ಚರ್ಮ ಬಿರಿದು, ಹಕ್ಕಳೆಗಟ್ಟಿ, ಹಿಂಗಾಲೊಂದು ಊದಿಕೊಂಡಿತು. ಪಶುವೈದ್ಯೆ ಬಂದು ನೋಡಿ ಔಷಧ ಕೊಟ್ಟರು. "ಕಾಲು ಒಣಗಿರಬೇಕು. ಸೋಂಕು ಮೇಲೆ ಹತ್ತಿದರೆ ಈ ವಯಸ್ಸಿನಲ್ಲಿ ಅದನ್ನು ನರಳಲು ಬಿಡುವುದಕ್ಕಿಂತ ಸೂಜಿಮದ್ದು ಕೊಟ್ಟು ಕಳಿಸಿಕೊಡುವುದೇ ಮೇಲು," ಎಂದು ಅವರು ಮಗಳಿಗೆ ಡಚ್ಚಿನಲ್ಲಿ ಹೇಳಿದರು. ಮಗಳು ಆಗ ಅದನ್ನು ನನಗೆ ಅನುವಾದಿಸಲಿಲ್ಲ. ಅವಳ ಮುಖ ನೋಡಿದಾಗ ಅದರ ಅಗತ್ಯವೂ ಇರಲಿಲ್ಲ.

ನನ್ನ ಯಜಮಾನರು ಉಡುಪಿಯ ಕಡೆಯವರು. ಅವರ ಮನೆಯಲ್ಲಿ ದನದ ಹಟ್ಟಿಗೆ ದಿನವೂ ಸೊಪ್ಪು ಹಾಸುವ ರೂಢಿ.

"ಎಂತ ಯೋಚನೆ ಮಾಡ್ತೀಯಾ ಮಾರಾಯ್ತಿ? ಸೊಪ್ಪು ಹಾಕಿದ್ರೆ ಆಯ್ತು. ಊರಲ್ಲಿ ಜಡಿಮಳೆಗೂ ದನದ ಕಾಲು ಒಣಗಿಯೇ ಇರ್ತದೆ."

"ಊರಲ್ಲಿ ಹಟ್ಟಿಗೆ ಸೂರು ಇರತ್ತೆ ರೀ. ಇಲ್ಲಿ ಆಕಾಶನೇ ಸೂರು," ಎಂದೆ.

ಆದರೂ ಬೇರೆ ಉಪಾಯ ತೋಚದ ಕಾರಣ ನಾನೂ ಒಪ್ಪಿದೆ. ಬೀದಿಯಲ್ಲಿ ಉದುರಿದ್ದ ಎಲೆಗಳನ್ನು ಚೀಲಗಳಲ್ಲಿ ತುಂಬಿ, ಸೈಕಲ್ಲಿಗೆ ಕಟ್ಟಿ ತಂದು, ಗೇಟಿನ ಮುಂದೆ ದಪ್ಪನೆಯ ಹಾಸು ಮಾಡಿದೆವು. ಮರುದಿನ ನೋಡಲು ಅಚ್ಚುಕಟ್ಟಾಗಿತ್ತು. ವಾರ ಕಳೆಯುವುದರೊಳಗೆ ಎಲೆಗಳೆಲ್ಲ ಕೊಳೆತು, ಮೊದಲಿಗಿಂತ ಆಳವಾದ ಕಪ್ಪು ರಾಡಿಯಾಯಿತು. ಯಜಮಾನರ ಬೂಟು ಅದರಲ್ಲಿ ಸಿಕ್ಕಿ, ಬರಿಯ ಕಾಲುಚೀಲದ ಪಾದವೊಂದು ಮೇಲೆ ಬಂದಿತು.

ಹೊಲದ ಒಡೆಯರಾದ ರೈತರು ಟ್ರ್ಯಾಕ್ಟರ್ ನಿಲ್ಲಿಸಿ ಅದನ್ನು ಪರಿಶೀಲಿಸಿದರು. "ಒಳ್ಳೆಯ ಗೊಬ್ಬರ. ಏನು ಬಿತ್ತುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಜಲ್ಲಿ ಸುರಿಯಬಹುದೇ ಎಂದು ನಾನು ವಿಚಾರಿಸಿದೆ. "ಸುರಿಯಿರಿ. ಇದು ಜೌಗು ಮಣ್ಣು. ಬೇಸಿಗೆಯಲ್ಲಿ ಆ ಕಲ್ಲು ಹುಡುಕಲು ಮುಳುಗುಗಾರರನ್ನು ಕರೆಸೋಣ." ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ. ಸುರಿದ ಜಲ್ಲಿ ಅವರು ಹೇಳಿದಂತೆಯೇ ಮುಳುಗಿತು. ಆಮೇಲೆ ಹಾಕಿದ ಹಲಗೆಗಳು ಜಾರತೊಡಗಿದ್ದರಿಂದ ಅವನ್ನೂ ತೆಗೆಯಬೇಕಾಯಿತು. ಕಾಲಿನ ಊತ ಮಾತ್ರ ಇಳಿಯಲಿಲ್ಲ. ಕಚೇರಿಯ ಮೀಟಿಂಗುಗಳಲ್ಲಿ ಪರದೆಯ ಮೇಲೆ ಏನಿದೆಯೆಂದು ನನಗೆ ಕಾಣುತ್ತಿರಲಿಲ್ಲ. ಕಿಟಕಿಯ ಗಾಜಿಗೆ ಹನಿ ಬಿದ್ದರೆ ಫೋನಿನಲ್ಲಿ ಮಳೆಯ ಮುನ್ಸೂಚನೆ ತೆರೆದು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ರಸ್ತೆ ದುರಸ್ತಿಯ ಕಾರಣ ಏರಿಯ ಮೇಲಿನ ದಾರಿಯಲ್ಲಿ ಸೈಕಲ್ ತುಳಿಯುತ್ತಾ ಹೋದೆ. ಅಲ್ಲಿಂದ ಇಡೀ ಹೊಲ ಒಂದೇ ನೋಟಕ್ಕೆ ಕಂಡಿತು. ದಿಬ್ಬ ಹಸಿರಾಗಿತ್ತು. ಚಪ್ಪರದ ನೆಲ ಒಣಗಿತ್ತು. ಕುದುರೆ ಮಾತ್ರ ಗೇಟಿನ ರಾಡಿಯಲ್ಲಿ, ನಾವು ಸಾಮಾನ್ಯವಾಗಿ ಬರುವ ರಸ್ತೆಯತ್ತ ಮುಖಮಾಡಿ ನಿಂತಿತ್ತು.

ಅದಕ್ಕೆ ಕಾರಣ ನಾವೇ ಆಗಿದ್ದೆವು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದ ಮನೆಗಳಲ್ಲಿ ಬೆಳೆದ ನಾವು, ಆಫೀಸಿಗೆ ಹೋಗುವಾಗ ಗೇಟಿನ ಮೇಲಿಂದಲೇ ಅದಕ್ಕೆ ಬೆಲ್ಲದ ಚೂರು ಕೊಡುತ್ತಿದ್ದೆವು. ಶಾಲೆಯಿಂದ ಬರುವಾಗ ಮಗಳು ಚಪಾತಿ ಕೊಡುತ್ತಿದ್ದಳು. ನಾವು ಎಷ್ಟೇ ಎಲೆ ಹಾಸಿದರೂ ಕುದುರೆಗೆ ಆ ಜಾಗವನ್ನು ಬಿಡಲು ಯಾವ ಕಾರಣವೂ ಇರಲಿಲ್ಲ.

ಸಂಜೆ ಮನೆಯಲ್ಲಿ ಇದನ್ನು ತಿಳಿಸಿದೆ.

"ಇನ್ನು ಮೇಲೆ ಗೇಟಿನ ಹತ್ರ ಯಾರೂ ನಿಲ್ಲೋದು ಬೇಡ."

"ಹಾಯ್ ಕೂಡ ಹೇಳಬಾರದಾ ಮಾಮ್?" ಎಂದಳು ಮಗಳು.

"ಬೇಡ ಕಂದಾ."

"ದಟ್ಸ್ ಸೋ ಮೀನ್. ಶೀ ವಿಲ್ ಥಿಂಕ್ ನಾವು ಬಿಟ್ಟುಬಿಟ್ವಿ ಅಂತ."

ಯಜಮಾನರು ಬೆಲ್ಲದ ಡಬ್ಬಿಯನ್ನು ಮೇಲಿನ ಕಪಾಟಿಗೆ ಸರಿಸಿ, "ಯೋಚನೆ ಮಾಡಿದ್ರೂ ಮಾಡ್ಲಿ. ಕಾಲು ಉಳೀಲಿ," ಎಂದರು.

ರೈತರ ಅನುಮತಿ ಪಡೆದು, ಅವರ ಅಂಗಳದಿಂದ ಕಾಲುವೆಗೆ ಅಡ್ಡವಾಗಿದ್ದ ಕಾಲುಸೇತುವೆಯ ಮೂಲಕ ಹಿಂಬದಿಯಿಂದ ಒಳಹೋಗಲು ಆರಂಭಿಸಿದೆವು. ಒಣಹುಲ್ಲು, ನೀರಿನ ತೊಟ್ಟಿ ಎರಡನ್ನೂ ಚಪ್ಪರದಡಿಗೆ ಸಾಗಿಸಿದೆವು. ಗೇಟಿನ ಜಾಗವನ್ನು ಕರೆಂಟು ಹಾಯುವ ಪಟ್ಟಿಯ ಬೇಲಿಯಿಂದ ಬೇರ್ಪಡಿಸಿದೆವು. ಮೊದಲ ದಿನಗಳಲ್ಲಿ ಕುದುರೆ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಆ ಪಟ್ಟಿಯ ಪಕ್ಕದಲ್ಲೇ ರಸ್ತೆ ನೋಡುತ್ತಾ ನಿಲ್ಲುತ್ತಿತ್ತು. ಆಲಿಕಲ್ಲು ಬಿದ್ದ ಮಧ್ಯಾಹ್ನವೂ ಕದಲಲಿಲ್ಲ. ನಾನು ಚಪ್ಪರದಡಿ ನಿಂತು ಗಂಟಲು ಒಣಗುವವರೆಗೆ ಕರೆದೆ. ಇದು ಕೂಡ ತಪ್ಪಾಗಿದ್ದರೆ ಮುಂದೆ ಮಾಡಲು ನಮ್ಮ ಬಳಿ ಏನೂ ಉಳಿದಿರಲಿಲ್ಲ.

ಆದರೆ ಅದು ಆಗ ನಿಂತಿದ್ದದ್ದು ಕೆಸರಿಲ್ಲದ ಹಸಿರು ಹುಲ್ಲಿನ ನೆಲದ ಮೇಲೆ. ಗೊರಸಿನ ಸುತ್ತಲಿನ ಕೆಸರು ಒಣಗಿ ಉದುರಿತ್ತು. ಮುಂದಿನ ಭೇಟಿಯಲ್ಲಿ ಪಶುವೈದ್ಯೆ ಕಾಲನ್ನು ಒತ್ತಿ ನೋಡಿ, "ಸೋಂಕು ಮೇಲೆ ಹತ್ತಿಲ್ಲ. ಹೀಗೇ ಇರಲಿ," ಎಂದಷ್ಟೇ ಹೇಳಿದರು.

ಅಂದಿನಿಂದ ನಾವು ಆ ರಸ್ತೆಯಲ್ಲಿ ಹೋಗುವಾಗ ಸೈಕಲ್ ನಿಲ್ಲಿಸುವುದಿಲ್ಲ. ಕುದುರೆ ತಲೆ ಎತ್ತಿ ಕೆನೆಯುತ್ತದೆ. ಮಗಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ನೆಟ್ಟಗೆ ಮುಂದೆ ನೋಡುತ್ತಾ ತುಳಿಯುತ್ತಾಳೆ. ಅವಳ ಹಿಂದೆ ನಾನೂ ಹಾಗೆಯೇ.