ಜಯಪಾಲ ಸತ್ತದ್ದು ಮಾತ್ರೆಯಿಂದ

ನನ್ನ ಗಂಡ ಜಯಪಾಲನ ಬಗ್ಗೆ ಇಲ್ಲಿನ ನಮ್ಮ ಊರಿನವರ ಸಂಘದ ಸ್ಮರಣ ಸಂಚಿಕೆಗೆ ಬರೆಯಲು ಹೇಳಿದ್ದಾರೆ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಂದ ಹಾಗೆ ಬರೆಯುತ್ತೇನೆ. ಸಂಘದ ಅಬುಧಾಬಿ ಘಟಕಕ್ಕೆ ಕ್ಲಾರೆನ್ಸ್ ಅಧ್ಯಕ್ಷರು. ಅವರು ಮೊದಲು ಫೋನ್ ಮಾಡಿದಾಗ, "ಹಾರ್ಟ್ ಅಟ್ಯಾಕ್ ಅಂತ ಬರೀರಿ ಅಪ್ಪಿಯಕ್ಕ, ಅಷ್ಟು ಸಾಕು" ಎಂದಿದ್ದರು. ಹಾರ್ಟ್ ನಿಂತದ್ದು ಹೌದು. ನಿಲ್ಲಿಸಿದ್ದು ನೋವಿನ ಮಾತ್ರೆ.

ಸತ್ತವರನ್ನೆಲ್ಲ ಸಂಚಿಕೆಯಲ್ಲಿ ಸರಳ ಸಜ್ಜನ ಎಂದು ಹಾಕುತ್ತಾರೆ. ನನ್ನವರು ಸರಳರೂ ಅಲ್ಲ, ಸಜ್ಜನರೂ ಅಲ್ಲ. ಬಾಯಿ ಕೆಟ್ಟದು. ಶೋಕಿ ಜಾಸ್ತಿ. ಕೂಲಿಯವರ ಕ್ಯಾಂಪಿನ ಮೆಸ್ಸಿಗೆ ಊಟಕ್ಕೆ ಹೋಗುವಾಗಲೂ ಇಸ್ತ್ರಿ ಹಾಕಿದ ಶರ್ಟೇ ಬೇಕು. ಪಡುಬಿದ್ರಿ ಕಡೆಯವರು. ದುಬೈ ಕಡೆ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಕಂಟೇನರ್ ಖಾಲಿ ಮಾಡುವ ಕೆಲಸ. ನನಗೆ ಅಬುಧಾಬಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಶಾಲೆ ಬಸ್ಸಿಗೆ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಭಾನುವಾರ ಬರುತ್ತಿದ್ದರು. ಬರುವ ಮೊದಲು ಮೀಸೆಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದರು. "ಯಾರಿಗೆ ತೋರಿಸ್ಲಿಕ್ಕೆ ಇದೆಲ್ಲ?" ಎಂದರೆ, "ನಿಂಗಲ್ಲ, ನಿನ್ನ ಬಸ್ಸಿನ ಟೀಚರಿಗೆ" ಎನ್ನುತ್ತಿದ್ದರು.

ಒಮ್ಮೆ ಟೈಲ್ಸಿನ ಪೆಟ್ಟಿಗೆಗಳು ಜಾರಿ ಬೆನ್ನ ಮೇಲೆ ಬಿದ್ದವು. ಕ್ಯಾಂಪಿಗೆ ಬರುತ್ತಿದ್ದ ಕ್ಲಿನಿಕ್ಕಿನವರು ಮಾತ್ರೆ ಕೊಟ್ಟರು. ರಜೆ ಕೊಡಲಿಲ್ಲ. ಮಾತ್ರೆ ನುಂಗಿದರೆ ನೋವಿಲ್ಲ, ನೋವಿಲ್ಲದಿದ್ದರೆ ಕೆಲಸಕ್ಕೆ ಹೋಗಬಹುದು. ಕಂಪನಿಗೂ ಖುಷಿ, ಕ್ಲಿನಿಕ್ಕಿಗೂ ಖುಷಿ. ಆಮೇಲೆ ಡಾಕ್ಟರ ಚೀಟಿ ಕೇಳುವುದನ್ನೂ ಬಿಟ್ಟರು. ಕೈ ಚಾಚಿದವರಿಗೆಲ್ಲ ಪಟ್ಟಿಗಟ್ಟಲೆ ಮಾತ್ರೆ.

ಬೆನ್ನು ವಾಸಿಯಾಯಿತು. ಮಾತ್ರೆ ನಿಲ್ಲಲಿಲ್ಲ. ನಿಲ್ಲಿಸಿದ ದಿನ ಮೈ ನಡುಗುತ್ತಿತ್ತು, ಮೂಗು ಸೋರುತ್ತಿತ್ತು. ಮೀಸೆಗೆ ಬಣ್ಣ ಹಚ್ಚುವುದು ನಿಂತಿತು. ಭಾನುವಾರ ಬರುವುದೂ ನಿಂತಿತು. ಕೊನೆಗೆ ಒಂದು ಬೆಳಿಗ್ಗೆ ಕಂಪನಿ ಬಸ್ಸು ಗೋದಾಮಿನ ಮುಂದೆ ನಿಂತಾಗ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ನಿದ್ದೆ ಎಂದುಕೊಂಡರು. ಎಬ್ಬಿಸಿದರೆ ಬೈಯುತ್ತಾರೆಂದು ಯಾರೂ ಮುಟ್ಟಲಿಲ್ಲ.

ಆ ಕ್ಯಾಂಪುಗಳಲ್ಲಿ ಅವರೊಬ್ಬರೇ ಅಲ್ಲ ಸತ್ತದ್ದು. ಕೆಲವು ಮನೆಯವರು ಸೇರಿ ಕೇಸು ಹಾಕಿದೆವು. ಕ್ಲಿನಿಕ್ಕಿನವರೂ ಮಾತ್ರೆ ಮಾರಿದವರೂ ರಾಜಿಗೆ ಬಂದರು. ದುಡ್ಡು ನಮ್ಮ ಕೈಗಲ್ಲ. ಮಾತ್ರೆಗೆ ಬಿದ್ದು ಇನ್ನೂ ಬದುಕಿರುವವರನ್ನು ಬಿಡಿಸಲು, ಆಸ್ಪತ್ರೆಗೆ ಸೇರಿಸಲು. ನಾನೂ ಒಪ್ಪಿ ಸಹಿ ಹಾಕಿದೆ. ದುಡ್ಡನ್ನು ಊರಿನವರ ಸಂಘಕ್ಕೆ ಕೊಟ್ಟರು. ಸಂಘ ತನ್ನ ಘಟಕಗಳಿಗೆ ಹಂಚಿತು.

ಹೇಗೆ ಹಂಚಿದರು? ಸದಸ್ಯರ ಲೆಕ್ಕದಲ್ಲಿ. ಕ್ಯಾಂಪಿನವರು ಎಲ್ಲಿಯ ಸದಸ್ಯರು? ಚಂದಾ ಕಟ್ಟಿ, ಕುಟುಂಬ ಕರೆದುಕೊಂಡು ಪಿಕ್ನಿಕ್ಕಿಗೆ ಹೋಗುವವರು ಸದಸ್ಯರು. ಹಾಗಾಗಿ ಜೆಬೆಲ್ ಅಲಿ ಘಟಕಕ್ಕೆ ಬಂದದ್ದು ಚಿಲ್ಲರೆ. ವಿಲ್ಲಾದಲ್ಲಿ ಇರುವ, ಕಾರಿನಲ್ಲಿ ಓಡಾಡುವ ಅಬುಧಾಬಿ ಘಟಕಕ್ಕೆ ದೊಡ್ಡ ಪಾಲು. ಇಲ್ಲಿ ಯಾರ ಬೆನ್ನ ಮೇಲೂ ಟೈಲ್ಸ್ ಬಿದ್ದಿಲ್ಲ.

ಆಮೇಲೆ ಅಧ್ಯಕ್ಷರು ವಾಟ್ಸಾಪಿನಲ್ಲಿ ಹಾಕಿದರು: ಮಾತ್ರೆ ಚಟ ಇರುವವರು ಫೋಟೋ, ಹೆಸರು, ಊರು ಕಳಿಸಿ, ವಾರ್ಷಿಕೋತ್ಸವದಲ್ಲಿ ನೆರವು ನೀಡಲಾಗುವುದು. ಸಂಘದ ಪದ್ಧತಿ ಅದು. ಕಿಡ್ನಿ ಹೋದವನಿಗೂ ಸ್ಟೇಜು, ಫಸ್ಟ್ ಕ್ಲಾಸ್ ಬಂದ ಮಕ್ಕಳಿಗೂ ಸ್ಟೇಜು. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಸ್ಟೇಜಿಲ್ಲದೆ ಒಂದು ದಿರ್ಹಮ್ ಕೊಟ್ಟ ಚರಿತ್ರೆ ಇಲ್ಲ.

ಯಾರು ಬರುತ್ತಾರೆ? ಯಾರೂ ಬರಲಿಲ್ಲ. ಅಧ್ಯಕ್ಷರಿಗೆ ಹೆಮ್ಮೆ. "ನಮ್ಮವರಲ್ಲಿ ಅಂಥವರಿಲ್ಲ" ಎಂದು ಬರೆದರು. ಆ ದುಡ್ಡಿನಲ್ಲಿ ಜಾಗೃತಿ ಸಂಜೆ ಮಾಡುವುದಂತೆ. ಹಾಲ್ ಬಾಡಿಗೆ, ಟೀ ಶರ್ಟ್, ಊರಿನಿಂದ ಹಾಡುವವರು.

ಅಂಥವನೊಬ್ಬ ನನಗೆ ಗೊತ್ತಿದ್ದ. ನನ್ನವರ ರೂಮಿನವನು. ಇಲ್ಲಿ ಅವನನ್ನು ತೌಫೀಕ್ ಎನ್ನುತ್ತೇನೆ, ಅದು ಅವನ ಹೆಸರಲ್ಲ. ಅದೇ ಗೋದಾಮು, ಅದೇ ಮಾತ್ರೆ. ಗೋದಾಮಿನ ಸೂಪರ್‌ವೈಸರ್ ಅವನಿಗೆ ರಜೆ ಕೊಡಲು ಒಪ್ಪಿದ್ದ. ಆಸ್ಪತ್ರೆಯಲ್ಲಿ ಹಾಸಿಗೆಯೂ ಇತ್ತು. ದುಡ್ಡು ಕಟ್ಟುವವರಿಲ್ಲ. ಕಟ್ಟದಿದ್ದರೆ ಇವನೂ ಒಂದು ದಿನ ಬಸ್ಸಿನಿಂದ ಇಳಿಯುವುದಿಲ್ಲ. ನನಗೆ ಅದೊಂದೇ ಕಾಣುತ್ತಿತ್ತು.

ಅವನನ್ನು ಕಮಿಟಿ ಮೀಟಿಂಗಿಗೆ ಕರೆದುಕೊಂಡು ಹೋದೆ. ಗೋಳಿಬಜೆ ತಿನ್ನುತ್ತಿದ್ದರು.

"ಇವನಿಗೆ ಹಾಸಿಗೆ ಬೇಕು. ದುಡ್ಡು ಕಟ್ಟಿ" ಎಂದೆ.

"ಕಟ್ಟುವ ಅಕ್ಕ, ಇಲ್ಲ ಅಂತ ಹೇಳಿದ್ದು ಯಾರು?" ಎಂದರು ಕ್ಲಾರೆನ್ಸ್. "ಸ್ಟೇಜಿಗೆ ಬರ್ಲಿ. ಒಂದು ಶಾಲು, ಒಂದು ಫೋಟೋ. ಎರಡು ನಿಮಿಷದ ಕೆಲಸ."

ತೌಫೀಕ್ ಹಣೆ ಒರೆಸಿಕೊಂಡ. "ಶಾಲು ಬೇಡ ಸರ್. ಮೊದ್ಲೇ ಬೆವರ್ತಾ ಇದ್ದೇನೆ."

ಇಬ್ಬರು ನಕ್ಕರು. ಕ್ಲಾರೆನ್ಸ್ ನಗಲಿಲ್ಲ. "ಫೋಟೋ ಇಲ್ಲದಿದ್ರೆ ನಾಳೆ ಸದಸ್ಯರು ನನ್ನ ಕೇಳ್ತಾರೆ, ದುಡ್ಡು ಎಲ್ಲಿ ಹೋಯ್ತು ಅಂತ. ನಾನೆಂತ ಹೇಳ್ಲಿ?"

"ನನ್ನ ಫೋಟೋ ಬಂದ್ರೆ ಊರಲ್ಲಿ ನನ್ನ ತಂಗಿಯನ್ನು ಮದುವೆಗೆ ಯಾರು ಕೇಳ್ತಾರೆ ಸರ್?" ಎಂದ ತೌಫೀಕ್. "ಖಲಾಸ್. ಬನ್ನಿ ಅಪ್ಪಿಯಕ್ಕ, ಹೋಗುವ."

ಅವನು ಬಾಗಿಲಿಗೆ ಹೋದ. ನಾನು ಹೋಗಲಿಲ್ಲ.

"ನಿಮಗೆ ಒಂದು ಮುಖ ಬೇಕಲ್ವಾ?" ಎಂದೆ. "ನನ್ನ ಗಂಡನ ಮುಖ ಹಾಕಿ. ಮಾತ್ರೆ ತಿಂದು ಸತ್ತದ್ದು ಅಂತ ಹಾಕಿ. ಸ್ಟೇಜಿಗೆ ನಾನು ಬರ್ತೇನೆ, ಶಾಲು ನಂಗೆ ಹಾಕಿ. ಇವನ ದುಡ್ಡು ಇವತ್ತೇ ಆಸ್ಪತ್ರೆಗೆ ಹೋಗ್ಬೇಕು, ಹೆಸರು ಎಲ್ಲಿಯೂ ಬರಬಾರದು."

"ಅಪ್ಪಿಯಕ್ಕ, ಹಾಗೆ ಹಾಕಿದ್ರೆ ಜಯಪಾಲಣ್ಣನ ಮರ್ಯಾದೆ..."

"ಅವರು ಬಸ್ಸಲ್ಲಿ ಬಿದ್ದಿದ್ದಾಗ ನಿಮ್ಮ ಮರ್ಯಾದೆ ಎಲ್ಲಿತ್ತು? ಹೆಣ ಕಳಿಸ್ಲಿಕ್ಕೆ ಓಡಿದ್ದು ಇವನು. ನೀವು ವಾಟ್ಸಾಪಲ್ಲಿ ಹೂ ಹಾಕಿದ್ರಿ."

ಕಮಿಟಿಯಲ್ಲಿ ಫರ್ಝಾನ ಎಂಬ ಹೆಂಗಸು ಒಬ್ಬರಿದ್ದರು, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. "ಆಗ್ತದೆ ಅಂತ ಹೇಳಿ ಸರ್, ಅದಕ್ಕೆ ಇನ್ನೆಂತ ಯೋಚನೆ?" ಎಂದರು. ಕ್ಲಾರೆನ್ಸ್ ಒಪ್ಪಿದರು. ನಾನು ಬರೆದದ್ದನ್ನು ಒಂದು ಸಾಲೂ ಬಿಡದೆ ಸಂಚಿಕೆಗೆ ಹಾಕುವುದಾಗಿ ಎಲ್ಲರ ಎದುರು ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಊರಿಗೆ ಮುಟ್ಟಿತು. ನನ್ನ ಮೈದುನ ಹರ್ಷಿತ್ ಫೋನ್ ಮಾಡಿ ಬೈದ. "ಮರ್ಯಾದೆ ಉಂಟಾ ಅತ್ತಿಗೆ ನಿಮಗೆ? ಅಣ್ಣನನ್ನು ಗಾಂಜಾದವರ ಸಾಲಿಗೆ ಸೇರಿಸಿದ್ರಲ್ಲ! ಇನ್ನು ಈ ಮನೆ ಮೆಟ್ಟಿಲು ಹತ್ಬೇಡಿ."

"ಹತ್ತುದಿಲ್ಲ" ಎಂದೆ. ಫೋನಿಟ್ಟ. ಈ ಸಲದ ವರ್ಷಾಂತಿಕಕ್ಕೆ ನನ್ನನ್ನು ಕರೆಯಲಿಲ್ಲ. ಗಂಡನ ವರ್ಷಾಂತಿಕ. ಅವರ ಪಾಲಿನ ಬಾಳೆಲೆ ನನ್ನ ಕೋಣೆಯಲ್ಲೇ ಇಟ್ಟೆ. ಒಬ್ಬಳೇ ಕೂತು ಅತ್ತೆ. ಇದನ್ನೂ ಅಚ್ಚು ಮಾಡಿ.

ಸ್ಟೇಜಿನಲ್ಲಿ ಶಾಲು ಹಾಕಿದರು. ಹಿಂದೆ ಪರದೆಯ ಮೇಲೆ ನನ್ನವರ ಫೋಟೋ ಅಷ್ಟು ದೊಡ್ಡದಾಗಿ. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ.

ಸಂಘದವರಿಗೆ ಒಂದು ಮಾತು. ನಿಮ್ಮ ಹತ್ತಿರ ದುಡ್ಡು ಇನ್ನೂ ಉಂಟು. ಕ್ಯಾಂಪಿನಲ್ಲಿ ಜನರೂ ಇದ್ದಾರೆ. ಅವರು ಸ್ಟೇಜಿಗೆ ಬರುವುದಿಲ್ಲ. ಅವರ ಬದಲು ಸ್ಟೇಜಿಗೆ ಕೊಡಲು ನನ್ನ ಹತ್ತಿರ ಇನ್ನೊಬ್ಬ ಗಂಡನೂ ಇಲ್ಲ. ನೀವೇ ಕ್ಯಾಂಪಿಗೆ ಹೋಗಿ. ಶಾಲು ತರಬೇಡಿ.

ತೌಫೀಕನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಮೊದಲ ವಾರ, ಮೈಯೆಲ್ಲ ನಡುಕ. ನನ್ನನ್ನು ಕಂಡದ್ದೇ ಕೂಗಿದ: "ನಂಗೆ ಹಾಸಿಗೆ ಬೇಕು ಅಂತ ನಿಮ್ಮ ಹತ್ರ ಅತ್ತದ್ದು ಯಾರು? ಗಂಡನನ್ನು ತಿಂದ್ರಿ, ಈಗ ನನ್ನನ್ನು ಕೊಲ್ಲಿಕ್ಕೆ ತಂದು ಹಾಕಿದ್ರಾ? ಒಂದೇ ಒಂದು ಮಾತ್ರೆ ತಂದುಕೊಡಿ, ಅಕ್ಕ. ಒಂದೇ."

ಇಲ್ಲ ಎಂದೆ. ಊಟದ ತಟ್ಟೆ ಎಸೆದ. ಚೆಲ್ಲಿದ್ದನ್ನು ಬಳಿದು ತೆಗೆದೆ. ನರ್ಸು ನನ್ನನ್ನು ಹೊರಗೆ ಕಳಿಸಿದಳು. ಹೊರಗೆ ಕುರ್ಚಿ ಇತ್ತು, ಕುಳಿತೆ. ಒಳಗಿಂದ ಅವನು ಬೈಯುವುದು ಕೇಳುತ್ತಲೇ ಇತ್ತು.