ಜೋಲಿ ಕಟ್ಟಲು ಕಲಿತ ಟೀಚರಮ್ಮ

ಟೀಚರಮ್ಮನ ಸೆರಗಿನ ಅಂಚಿನಲ್ಲಿ ಯಾವಾಗಲೂ ಹತ್ತು ಹನ್ನೆರಡು ಸೇಫ್ಟಿ ಪಿನ್ನುಗಳು ಸಾಲಾಗಿ ಇರುತ್ತಿದ್ದವು. ಗುಂಡಿ ಕಿತ್ತ ಅಂಗಿ, ಲಾಡಿ ಹೋದ ಲಂಗ, ಹರಿದ ಚೀಲ, ಯಾವುದು ಕಂಡರೂ ಒಂದು ಪಿನ್ನು ಬಿಚ್ಚಿ ಚುಚ್ಚುತ್ತಿದ್ದರು. ಸಂಜೆಯ ಹೊತ್ತಿಗೆ ಪಿನ್ನೆಲ್ಲ ಖಾಲಿಯಾಗಿ ಅವರ ಸೆರಗೇ ಜಾರುತ್ತಿತ್ತು.

ಪೊನ್ನಂಪೇಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾನು ಬೆಳೆದೆ. ಲೈನಿನ ಪಕ್ಕದ ಹಳೆಯ ಗೋದಾಮಿನಲ್ಲಿ ಮಿಷನ್ನಿನವರು ಮಕ್ಕಳಿಗಾಗಿ ಒಂದು ಕಲಿಕಾ ಕೇಂದ್ರ ನಡೆಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಲ್ಲಿ ಪಾಠ, ಆಮೇಲೆ ಅವಲಕ್ಕಿ. ಕಲಿಸಲು ಬರುತ್ತಿದ್ದ ಸ್ವಯಂಸೇವಕರು ಮೂರು ತಿಂಗಳಿದ್ದು, ನಮ್ಮ ಜೊತೆ ಫೋಟೊ ತೆಗೆಸಿಕೊಂಡು ಹೋಗಿಬಿಡುತ್ತಿದ್ದರು. ಮಂಗಳೂರು ಕಡೆಯಿಂದ ಬಂದ ಟೀಚರಮ್ಮ ಮಾತ್ರ ಆರು ವರ್ಷ ಇದ್ದರು. ವಯಸ್ಸು ಅರವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ನಾವು ಸಿಸ್ಟರ್ ಎಂದು ಕರೆದರೆ, "ನಾನು ಸಿಸ್ಟರ್ ಅಲ್ಲ ಮಾರಾಯ್ತಿ, ಬರೀ ಟೀಚರ್" ಎನ್ನುತ್ತಿದ್ದರು. ತಿನ್ನುವ ಮುಂಚೆ ಪ್ರಾರ್ಥನೆ ಮಾಡಿಸುವುದೂ ಅವರದೇ ರೀತಿ: "ನಿಮ್ಮ ನಿಮ್ಮ ಮನೆ ದೇವರನ್ನು ನೆನೆಸಿಕೊಳ್ಳಿ. ಬೇಗ, ಅವಲಕ್ಕಿ ಮೆತ್ತಗಾಗ್ತದೆ."

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತಮ್ಮನಿಗೆ ಒಂಬತ್ತು ತಿಂಗಳು. ಅಪ್ಪ ಮರದ ಕೊಂಬೆ ಸವರುವ ಕಪಾತಿ ಕೆಲಸಕ್ಕೆಂದು ದೂರದ ತೋಟಕ್ಕೆ ಹೋಗಿದ್ದರು. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಕಾಯಿಲೆ ಬಿದ್ದು ಊರಿಗೆ ಹೋದಳು. ಅಷ್ಟರಲ್ಲಿ ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾಯಿತು, ಅವ್ವ ತೋಟಕ್ಕೆ ಹೋಗಲೇಬೇಕಿತ್ತು. ನಾನು ಶಾಲೆ ಬಿಟ್ಟು ಮಗು ಎತ್ತಿಕೊಂಡು ಮನೆಯಲ್ಲಿ ಕೂತೆ.

ಟೀಚರಮ್ಮ ಮನೆ ಬಾಗಿಲಿಗೆ ಬಂದರು. "ಪಿಕ್ಕಿಂಗ್ ಮುಗಿಯೋಗಂಟ ಅಷ್ಟೆಯ, ಆಮೇಲೆ ಕಳುಸ್ತೀನಿ" ಎಂದಳು ಅವ್ವ. ಅವ್ವ ಸುಳ್ಳು ಹೇಳುತ್ತಿರಲಿಲ್ಲ. ಆದರೆ ನಮ್ಮ ಲೈನಿನಲ್ಲಿ ಹಾಗೆ ಪಿಕ್ಕಿಂಗ್ ಮುಗಿಯುವವರೆಗೆಂದು ಶಾಲೆ ಬಿಟ್ಟ ಹುಡುಗಿಯರಲ್ಲಿ ಒಬ್ಬಳೂ ಮತ್ತೆ ಹೋಗಿರಲಿಲ್ಲ. ಅದು ಟೀಚರಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಅವರು ಮಾಡಿದ್ದು ದೊಡ್ಡ ಎಡವಟ್ಟು. ಅವ್ವನಿಗೆ ಒಂದು ಮಾತೂ ಹೇಳದೆ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಹತ್ತಿರ ಹೋಗಿ, "ಆ ತಾಯಿಗೆ ಹಸುಗೂಸಿದೆ, ಪಿಕ್ಕಿಂಗಿಗೆ ಕರೀಬೇಡಿ, ಏನಾದರೂ ಸಣ್ಣ ಕೆಲಸ ಕೊಡಿ" ಎಂದು ಕೇಳಿಕೊಂಡರು. ರೈಟರ್ ಅರ್ಧ ಮಾತನ್ನು ಮಾತ್ರ ನಡೆಸಿಕೊಟ್ಟ. ಮರುದಿನ ಬೆಳಿಗ್ಗೆ ಹಾಜರಿ ಹೊತ್ತಿಗೆ ಅವ್ವನನ್ನು ಮನೆಗೆ ಕಳುಹಿಸಿದ. ಸಣ್ಣ ಕೆಲಸ ಯಾವುದೂ ಇರಲಿಲ್ಲ.

ಅವ್ವ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಕೇಂದ್ರಕ್ಕೆ ನಡೆದಳು. ನಾನು ಹಿಂದೆಯೇ ಓಡಿದೆ. "ನನ್ ಕೆಲಸ ತೆಗೆಸಿ ನನ್ ಮಗಳನ್ನ ಓದುಸ್ತೀರಾ? ನಾವು ಉಣ್ಣಾದು ಏನು ಟೀಚರಮ್ಮ?"

ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಟೀಚರಮ್ಮ ಸಮಜಾಯಿಷಿ ಕೊಡಲಿಲ್ಲ. "ತಪ್ಪಾಯ್ತು. ನಿಮ್ಮ ಹತ್ರ ಕೇಳದೆ ಹೋದದ್ದು ನನ್ನದೇ ತಪ್ಪು. ಈಗ ಎಂತ ಮಾಡುವ, ನೀವೇ ಹೇಳಿ" ಎಂದರು.

ಓದಿದವರು ಯಾರೂ ಅವ್ವನನ್ನು ಹಾಗೆ ಕೇಳಿದ್ದಿಲ್ಲ. ಅವಳ ಸಿಟ್ಟು ಅರ್ಧಕ್ಕೇ ನಿಂತಿತು. "ಮಗೀನ ನೋಡ್ಕೊಳಕ್ಕೆ ಒಬ್ರು ಬೇಕು ನಂಗೆ. ಇನ್ನೇನೂ ಬ್ಯಾಡ" ಎಂದಳು.

"ನಾನಿದ್ದೇನಲ್ಲ" ಎಂದರು ಟೀಚರಮ್ಮ.

ಇಬ್ಬರೂ ಕೂಡಿ ಕಾಫಿ ಒಣಗಿಸುವ ಕಣಕ್ಕೆ ಹೋದರು. ಬೇರೆಯವರನ್ನು ಹಾಕಿ ಆಯಿತೆಂದ ರೈಟರ್. "ನಿನ್ನೆ ನಾನು ಹೇಳಿದ್ದು ತಪ್ಪು ಮಾರಾಯ್ರೆ, ಅದನ್ನು ಸರಿಮಾಡದೆ ನಾನು ಏಳೂದಿಲ್ಲ" ಎಂದು ಟೀಚರಮ್ಮ ಕಣದ ಕಟ್ಟೆಯ ಮೇಲೆ ಕೂತೇಬಿಟ್ಟರು. ಮಧ್ಯಾಹ್ನದ ಊಟಕ್ಕೆ ಹೊರಟ ರೈಟರ್, ಅವರನ್ನು ಬಿಸಿಲಲ್ಲಿ ಬಿಟ್ಟು ಹೋಗಲಾರದೆ, ನಾಳೆಯಿಂದ ಬರಲಿ ಎಂದ.

ಮರುದಿನ ಬೆಳಿಗ್ಗೆ ಅವ್ವ ತನ್ನ ಹಳೆ ಸೀರೆ ಕೊಟ್ಟಳು. ಟೀಚರಮ್ಮ ಅದನ್ನು ಗೋದಾಮಿನ ತೊಲೆಗೆ ಜೋಲಿ ಕಟ್ಟಿದರು. ಗಂಟು ನೋಡಿ ಅವ್ವನಿಗೆ ನಗು ಬಂತು. ನಮ್ಮ ಜಡೆಗೆ ಕಟ್ಟುವ ರಿಬ್ಬನ್ನಿನ ಹಾಗೆ ಹೂವು ಮಾಡಿ ಕಟ್ಟಿದ್ದರು. "ಮಗ ಬಿದ್ದೋಯ್ತದೆ ಟೀಚರಮ್ಮ, ಇಂಗಲ್ಲ" ಎಂದು ಅವ್ವ ಬಿಚ್ಚಿ ಕಟ್ಟಿ ತೋರಿಸಿದಳು. ಮೂರು ಸಲ ತೋರಿಸಬೇಕಾಯಿತು. ಕಲಿಸುವುದರಲ್ಲಿ ಅಷ್ಟು ಜೋರಿದ್ದವರು ಕಲಿಯುವುದರಲ್ಲಿ ನಮಗಿಂತ ದಡ್ಡರು.

ಲೈನಿನ ಬೇರೆ ಮನೆಗಳ ಕೂಸುಗಳೂ ಬಂದು ಒಂದೇ ವಾರದಲ್ಲಿ ಐದು ಜೋಲಿಗಳು ತೂಗಿದವು. ಲಾಲಿ ಹಾಡು ಅವರಿಗೆ ಬರುತ್ತಿರಲಿಲ್ಲ. ಚರ್ಚಿನ ಕೊಂಕಣಿ ಹಾಡುಗಳನ್ನೇ ಹಾಡುತ್ತಿದ್ದರು. ಪಕ್ಕದ ಮನೆಯವಳು ಅದಕ್ಕೂ ಕೊಂಕು ತೆಗೆದಾಗ ಅವ್ವ, "ಮಗ ನಿದ್ದೆ ಮಾಡ್ತದಲ್ಲ, ಸಾಕು ಬುಡು" ಎಂದಳು. ನಾನು ಶಾಲೆಗೆ ಹೋದೆ. ಆ ವರ್ಷ, ಅದರ ಮುಂದಿನ ವರ್ಷ, ಹತ್ತನೇ ಕ್ಲಾಸು ಮುಗಿಯುವವರೆಗೂ ಹೋದೆ.

ನಾನೀಗ ಮೂರ್ನಾಡಿನ ಹತ್ತಿರ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ತಮ್ಮ ಆರನೇ ಕ್ಲಾಸಿನಲ್ಲಿದ್ದಾನೆ. ಆ ಹಾಡು ಕೇಳುತ್ತಲೇ ನಿದ್ದೆ ಮಾಡಿದವನಿಗೆ ಕೊಂಕಣಿ ಮಾತ್ರ ಒಂದಕ್ಷರ ಬರುವುದಿಲ್ಲ. ನನ್ನ ಕ್ಲಾಸಿನ ಹುಡುಗಿ ನಾಲ್ಕು ದಿನ ಬರದಿದ್ದರೆ ಅವಳ ಲೈನ್ ಮನೆಗೆ ಹೋಗುತ್ತೇನೆ, ಅವಳ ತಾಯಿಯ ಎದುರು ಕೂತು ಮೊದಲು ಕೇಳಿಸಿಕೊಳ್ಳುತ್ತೇನೆ. ಇದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಟೀಚರಮ್ಮನ ಋಣ ತೀರಿಸುವುದು ನನ್ನಿಂದ ಆಗದ ಮಾತು.

ಕಳೆದ ಜನವರಿಯಲ್ಲಿ ಟೀಚರಮ್ಮ ತಮ್ಮ ಊರಿನಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ಅವ್ವ ತಲೆಗೆ ಬಟ್ಟೆ ಕಟ್ಟಿ ತೋಟಕ್ಕೆ ಹೊರಟಿದ್ದಳು. ಕೇಳಿ, ತಲೆಯ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿ ಜಗುಲಿಯಲ್ಲಿ ಕೂತಳು. ಜ್ವರ ಬಂದಾಗಲೂ ಪಿಕ್ಕಿಂಗ್ ಬಿಟ್ಟವಳಲ್ಲ ನಮ್ಮವ್ವ. ಆ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ.